‘ಅದು ಓಪನ್ ಆಗದಿದ್ರೆ ಎಂತ ಮಾಡ್ತೀ?’ – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಳೆಗಾಲದಲ್ಲಿ ರಜೆ ಹಾಕಿ ಮಲ್ಪೆಗೆ ಬಂದ ಮೊದಲ ವಾರವೇ ಈ ಪ್ರಶ್ನೆ ಶುರುವಾಗುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ, ಸೆಲೂನಿನಲ್ಲಿ, ಉಡುಪಿ ಬಸ್ಸಿನಲ್ಲಿ. ನಾನು ದುಬೈಯಲ್ಲಿ ಕೆಲಸ ಮಾಡುತ್ತೇನೆ, ವಾರದ ರಜೆಯಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುತ್ತೇನೆ ಅನ್ನುವುದು ಈಗ ಊರಲ್ಲಿ ಎಲ್ಲರಿಗೂ ಗೊತ್ತು. “ಅಲ್ಲ ಮಾರಾಯ, ಅದು ಓಪನ್ ಆಗದಿದ್ರೆ ಎಂತ ಮಾಡ್ತೀ?” ದೊಡ್ಡಮ್ಮ ಮಾತ್ರ ಹಾಗೆ ಕೇಳುವುದಿಲ್ಲ. “ಮಗಾ, ಇನ್ನೂ ಬಿಡ್ಲಿಲ್ವಾ ಅದನ್ನು?” ಎನ್ನುತ್ತಾರೆ. ಎರಡೂ ಒಂದೇ ಪ್ರಶ್ನೆ.

ಎಂಟು ವರ್ಷಗಳಲ್ಲಿ 640 ಸಲ ಜಿಗಿದಿದ್ದೇನೆ. ಇಷ್ಟು ದಿನ “ಎರಡು ಇರ್ತದೆ, ಒಂದು ಆಗದಿದ್ರೆ ಇನ್ನೊಂದು” ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಅದು ಸುಳ್ಳಲ್ಲ. ಆದರೆ ತುಂಬಾ ಅನುಭವ ಇರುವವರು ಈ ಆಟದಲ್ಲಿ ಜೀವ ಕಳೆದುಕೊಳ್ಳುವುದು ಬಹಳ ಸಲ ಬೇರೆಯೇ ಕಾರಣಕ್ಕೆ. ಅದನ್ನು ಹೇಳದಿದ್ದರೆ ನನ್ನ ಉತ್ತರ ಅರ್ಧದಲ್ಲೇ ನಿಂತ ಹಾಗೆ. ಈ ಸಲ ಪೂರ್ತಿ ಬರೆಯುತ್ತೇನೆ.

ಮೊದಲು ಕೇಳಿದ್ದಕ್ಕೇ ಉತ್ತರ. ನಮ್ಮ ಬೆನ್ನಿನ ಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ಕೆಳಗಿನದು ಮೇನ್, ಮೇಲಿನದು ರಿಸರ್ವ್. ಮೇನ್ ಅನ್ನು ನಾವೇ ಮಡಚುತ್ತೇವೆ. ರಿಸರ್ವ್ ಅನ್ನು ಮುಟ್ಟುವುದು ಲೈಸೆನ್ಸ್ ಇರುವ ರಿಗ್ಗರ್ ಮಾತ್ರ. ಅಮೆರಿಕದ ನಿಯಮದ ಪ್ರಕಾರ ಅದನ್ನು ಬಳಸದೇ ಇದ್ದರೂ 180 ದಿನಕ್ಕೊಮ್ಮೆ ಬಿಚ್ಚಿ, ಪರೀಕ್ಷಿಸಿ, ಹೊಸದಾಗಿ ಮಡಚಬೇಕು. ಎದೆಯ ಬಲಗಡೆ ಒಂದು ಹಿಡಿ, ಎಡಗಡೆ ಇನ್ನೊಂದು. ಮೇನ್ ಸರಿಯಾಗಿ ತೆರೆಯದಿದ್ದರೆ ಬಲಗಡೆಯದನ್ನು ಎಳೆದು ಅದನ್ನು ಕಳಚಿ ಬಿಡಬೇಕು. ಆಮೇಲೆ ಎಡಗಡೆಯದನ್ನು ಎಳೆದು ರಿಸರ್ವ್ ತೆರೆಯಬೇಕು. ಕಳಚದೆ ರಿಸರ್ವ್ ತೆರೆದರೆ ಎರಡೂ ಸುತ್ತಿಕೊಳ್ಳಬಹುದು.

ಕಳಚುವುದು ಸುಲಭದ ಕೆಲಸ ಆಗಿರಲಿಲ್ಲ. ಹಿಂದೆ ಎರಡು ಭುಜಗಳ ಬಕಲ್‌ಗಳನ್ನು ಬೇರೆ ಬೇರೆಯಾಗಿ ಬಿಚ್ಚಬೇಕಿತ್ತು. ಗಿರಗಿರ ತಿರುಗುತ್ತಾ ಬೀಳುವಾಗ ಇದು ಆಗುವ ಮಾತಾ? 1970ರ ದಶಕದಲ್ಲಿ ಅಮೆರಿಕದ ಬಿಲ್ ಬೂತ್ ಇದಕ್ಕೆ ಮೂರು ಉಂಗುರದ ಉಪಾಯ ಕಂಡುಹಿಡಿದರು. ದೊಡ್ಡ ಉಂಗುರದೊಳಗೆ ಮಧ್ಯಮದ್ದು, ಅದರೊಳಗೆ ಸಣ್ಣದು, ಅದರ ಮೇಲೆ ಒಂದು ದಾರದ ಕುಣಿಕೆ, ಕುಣಿಕೆಯೊಳಗೆ ಒಂದು ತಂತಿ. ಒಂದೊಂದು ಉಂಗುರ ದಾಟುವಾಗಲೂ ಭಾರ ಕಡಿಮೆಯಾಗುತ್ತಾ ಬರುತ್ತದೆ. ನಮ್ಮ ಬಂದರಿನಲ್ಲಿ ರಾಟೆ ಹಾಕಿ ಭಾರ ಎತ್ತುವುದನ್ನು ನೋಡಿದವರಿಗೆ ಈ ಲೆಕ್ಕ ತಿಳಿಯುತ್ತದೆ. ಇಡೀ ಮನುಷ್ಯನ ಭಾರ ನೇತಾಡುತ್ತಿದ್ದರೂ ಒಂದೇ ಕೈಯಿಂದ ತಂತಿ ಎಳೆದರೆ ಸಾಕು, ಎರಡೂ ಭುಜ ಒಟ್ಟಿಗೆ ಬಿಟ್ಟುಕೊಳ್ಳುತ್ತವೆ. ಈ ಉಪಾಯ ಉಳಿಸಿದ ಜೀವಗಳಲ್ಲಿ ನನ್ನದೂ ಒಂದು.

ಪ್ರಜ್ಞೆಯೇ ತಪ್ಪಿದರೆ? ಅದಕ್ಕೂ ಒಂದು ಪೆಟ್ಟಿಗೆ ಉಂಟು, ಎಎಡಿ ಎನ್ನುತ್ತೇವೆ. ಹೆಲ್ಮುಟ್ ಕ್ಲೋತ್ ಎಂಬ ಜರ್ಮನ್ ಎಂಜಿನಿಯರ್ 1991ರಲ್ಲಿ ತಂದ ಸೈಪ್ರೆಸ್ ಇದರಲ್ಲಿ ಹೆಸರುವಾಸಿ. ಗಾಳಿಯ ಒತ್ತಡದಿಂದ ಅದು ಎತ್ತರವನ್ನೂ ವೇಗವನ್ನೂ ಅಳೆಯುತ್ತಾ ಇರುತ್ತದೆ. ಸುಮಾರು 225 ಮೀಟರ್ ಎತ್ತರದಲ್ಲೂ ನೀವು ಸೆಕೆಂಡಿಗೆ 35 ಮೀಟರ್‌ಗಿಂತ ಜೋರಾಗಿ ಬೀಳುತ್ತಿದ್ದರೆ, ಒಂದು ಸಣ್ಣ ಮದ್ದು ಸಿಡಿಸಿ ರಿಸರ್ವ್ ಮುಚ್ಚಿದ ಕುಣಿಕೆಯನ್ನು ಕತ್ತರಿಸುತ್ತದೆ. ಹೊಟ್ಟೆ ಕೆಳಗೆ ಮಾಡಿ ಬೀಳುವ ನಮ್ಮ ವೇಗ ಗಂಟೆಗೆ ಹತ್ತಿರ ಹತ್ತಿರ 200 ಕಿಲೋಮೀಟರ್. ಅಂದರೆ ಅಲ್ಲಿಂದ ನೆಲಕ್ಕೆ ಬರೀ ನಾಲ್ಕು ಸೆಕೆಂಡು. ನಾನು ಇದಿಲ್ಲದೆ ವಿಮಾನ ಹತ್ತುವುದಿಲ್ಲ. ಆದರೆ ಇದನ್ನು ನಂಬಿಕೊಂಡೂ ಕೂರುವುದಿಲ್ಲ. ಅರ್ಧಂಬರ್ಧ ತೆರೆದ ಮೇನ್ ಕೆಳಗೆ ತಿರುಗುತ್ತಿದ್ದರೆ ವೇಗ ಆ ಮಿತಿ ಮುಟ್ಟದೇ ಇರಬಹುದು. ಆಗ ಪೆಟ್ಟಿಗೆ ಸುಮ್ನೆ ಇರುತ್ತದೆ. ಕೈ ನಾವೇ ಆಡಿಸಬೇಕು.

ನನ್ನ 214ನೇ ಜಿಗಿತದಲ್ಲಿ ಆದದ್ದು ಅದೇ. ಆಗ ನನ್ನದು 190 ಚದರ ಅಡಿಯ ಪ್ಯಾರಾಚೂಟ್. ಆ ದಿನ ಒಬ್ಬರು ತಮ್ಮ 135 ಅನ್ನು ಹಾರಿಸಿ ನೋಡು ಎಂದು ಕೊಟ್ಟರು. ಕೊಟ್ಟವರ ತಪ್ಪಲ್ಲ, ಬೇಡ ಎನ್ನಬೇಕಾಗಿದ್ದವನು ನಾನು. ತೆರೆಯುವಾಗ ನನ್ನ ಒಂದು ಭುಜ ಸ್ವಲ್ಪ ಇಳಿದಿತ್ತು. ದೊಡ್ಡ ಪ್ಯಾರಾಚೂಟ್ ಆಗಿದ್ದರೆ ಅಷ್ಟು ತಪ್ಪನ್ನು ಸಹಿಸಿಕೊಳ್ಳುತ್ತಿತ್ತು. ಇದು ಸಹಿಸಲಿಲ್ಲ. ದಾರಗಳು ಜಡೆಯ ಹಾಗೆ ಹೆಣೆದುಕೊಂಡವು. ಪ್ಯಾರಾಚೂಟ್ ಒಂದು ಬದಿಗೆ ವಾಲಿ ಗಿರಗಿರ ತಿರುಗತೊಡಗಿತು. ಕಾಲು ಬೀಸಿ ಬಿಡಿಸಲು ಎರಡು ಸಲ ನೋಡಿದೆ, ಆಗಲಿಲ್ಲ. ಮಣಿಕಟ್ಟಿನ ಮೀಟರ್ 2,600 ಅಡಿ ತೋರಿಸುತ್ತಿತ್ತು. ಬಲಗಡೆಯ ಹಿಡಿಯನ್ನು ಕಣ್ಣಲ್ಲಿ ನೋಡಿ, ಎರಡೂ ಕೈಯಲ್ಲಿ ಹಿಡಿದು ಎಳೆದೆ. ತಿರುಗುವುದು ಒಮ್ಮೆಗೇ ನಿಂತಿತು. ಎಡಗಡೆಯದಕ್ಕೆ ಕೈ ಹಾಕುವಷ್ಟರಲ್ಲಿ ರಿಸರ್ವ್ ತೆರೆದುಕೊಂಡಿತ್ತು. ಕಳಚಿ ಹೋಗುವ ಮೇನ್ ತಾನೇ ರಿಸರ್ವ್ ಎಳೆಯುವ ಹಾಗೆ ಒಂದು ಪಟ್ಟಿ ಇರುತ್ತದೆ, ಅದರ ಕೆಲಸ. ಆಮೇಲೆ ಎರಡು ಗಂಟೆ ಮರಳಿನಲ್ಲಿ ಆ 135 ಅನ್ನು ಹುಡುಕಿದೆವು. ದೊಡ್ಡಮ್ಮನಿಗೆ ಇದನ್ನು ಹೇಳಿದ್ದು ಎರಡು ವರ್ಷ ಕಳೆದ ಮೇಲೆ.

ಹಾಗಾದರೆ ಓಪನ್ ಆಗದಿದ್ರೆ ಅನ್ನುವುದಕ್ಕೆ ಉತ್ತರ ಸಿಕ್ಕಿತಲ್ವಾ? ಇಲ್ಲ. ಆ ದಿನ ಪ್ಯಾರಾಚೂಟ್ ಕೈಕೊಡಲಿಲ್ಲ. ನೆಲದ ಮೇಲೆ ನಿಂತು ನಾನು ಮಾಡಿದ ಆಯ್ಕೆ ಕೈಕೊಟ್ಟಿತು.

ಅಲ್ಲಿ, ನಾವು ಜಿಗಿದು ಇಳಿಯುವ ಡ್ರಾಪ್‌ಝೋನ್‌ನಲ್ಲಿ, ನನ್ನನ್ನು ಕೇಳುವ ಪ್ರಶ್ನೆ ಬೇರೆ. ನಾನು ಈಗ ಹಾರಿಸುವುದು 170 ಚದರ ಅಡಿಯದ್ದು. “ಇಷ್ಟು ಹಾರಿದ್ದೀಯ, ಇನ್ನೂ 170 ಯಾಕೆ?” ಊರಿನವರ ಪ್ರಶ್ನೆಗೆ ನಿಜವಾದ ಉತ್ತರ ಈ ಎರಡನೇ ಪ್ರಶ್ನೆಯೊಳಗೆ ಇದೆ.

ನಮ್ಮಲ್ಲಿ ವಿಂಗ್ ಲೋಡಿಂಗ್ ಎಂಬ ಲೆಕ್ಕ ಉಂಟು. ಮೈಭಾರ, ಸಲಕರಣೆಯ ಭಾರ ಕೂಡಿಸಿ ಪೌಂಡಿನಲ್ಲಿ ಬರೆಯಿರಿ. ಅದನ್ನು ಪ್ಯಾರಾಚೂಟಿನ ಚದರ ಅಡಿಯಿಂದ ಭಾಗಿಸಿ. ನಾನು ಎಲ್ಲಾ ಕಟ್ಟಿಕೊಂಡರೆ 90 ಕೆಜಿ, ಅಂದರೆ 198 ಪೌಂಡ್. 190ರ ಕೆಳಗೆ ನನ್ನ ಲೆಕ್ಕ 1.04. ಈಗಿನ 170ರಲ್ಲಿ 1.16. ಆ ದಿನದ 135ರಲ್ಲಿ 1.47. ಕಲಿಯುವವರನ್ನು ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಇಡುತ್ತಾರೆ. ನೆಲದ ಹತ್ತಿರ ರೊಯ್ಯನೆ ಉಜ್ಜಿಕೊಂಡು ಹೋಗುವ ಸ್ಪರ್ಧೆಯವರು 2 ದಾಟುತ್ತಾರೆ.

ಸಂಖ್ಯೆ ಏರಿದ ಹಾಗೆ ಏನಾಗುತ್ತದೆ? ಪಣಂಬೂರು ಬೀಚಿನ ಗಾಳಿಪಟ ಉತ್ಸವ ನೆನಪಿಸಿಕೊಳ್ಳಿ. ಟೀಮ್ ಮಂಗಳೂರಿನವರ ದೊಡ್ಡ ಪಟಗಳು ಗಂಭೀರವಾಗಿ ನಿಂತಿರುತ್ತವೆ. ಪಕ್ಕದಲ್ಲಿ ಎರಡು ದಾರದ ಸಣ್ಣ ಪಟ ಒಂದು ಚೂರು ಎಳೆದರೆ ಸಾಕು, ಸುಯ್ ಎಂದು ನೆಲಕ್ಕೆ ಹಾರುತ್ತದೆ. ನಮ್ಮ ಪ್ಯಾರಾಚೂಟೂ ಹಾಗೆಯೇ. ಅದು ಕೊಡೆಯ ಹಾಗೆ ದುಂಡಗೆ ಇರುವುದಿಲ್ಲ. ಗಾಳಿ ತುಂಬಿ ಉಬ್ಬಿದ ರೆಕ್ಕೆ ಅದು. ಸಣ್ಣದಾದಷ್ಟೂ ವೇಗ ಜಾಸ್ತಿ, ತಿರುವು ಚುರುಕು. ತಿರುಗಿಸಿದರೆ ಮೂಗು ಕೆಳಗೆ ಹಾಕಿ ಧುಮುಕುತ್ತದೆ. ಒಂದೇ ತಿರುವಿನಲ್ಲಿ ಕಳೆದುಕೊಳ್ಳುವ ಎತ್ತರವೂ ಹೆಚ್ಚು. ಸಾವಿರ ಅಡಿಯಲ್ಲಿ ಇದು ಮಜಾ. ನೂರು ಅಡಿಯಲ್ಲಿ ಅಲ್ಲ.

ನನ್ನ ಗೆಳೆಯನೊಬ್ಬನಿದ್ದಾನೆ. ಸಾವಿರಕ್ಕೂ ಮೇಲೆ ಜಿಗಿದವನು, ನನಗೆ ಎಷ್ಟೋ ಕಲಿಸಿದವನು. ಬೆಳಗಿನ ಒಳ್ಳೆಯ ಗಾಳಿ. ಮೇನ್ ಚೆಂದಕ್ಕೆ ತೆರೆದಿತ್ತು. ಇಳಿಯಲು ಬರುವಾಗ ಎದುರಿಗೆ ಇನ್ನೊಬ್ಬರು ಅಡ್ಡ ಬಂದರು. ತಪ್ಪಿಸಲು ಒಂದು ಬದಿಯ ಟಾಗಲ್, ಅಂದರೆ ಪ್ಯಾರಾಚೂಟ್ ತಿರುಗಿಸುವ ಹಿಡಿ, ಪೂರ್ತಿ ಎಳೆದ. ಸಣ್ಣ ಪ್ಯಾರಾಚೂಟ್ ಧುಮುಕಿತು. ಅದು ಮತ್ತೆ ಅವನ ತಲೆ ಮೇಲೆ ಬರುವ ಮೊದಲೇ ನೆಲ ಬಂತು. ತೊಡೆಯ ಮೂಳೆ, ಸೊಂಟದ ಮೂಳೆ ಮುರಿಯಿತು. ನಾನು ಓಡಿ ಹೋಗಿ ಅವನ ಪಕ್ಕ ಕುಳಿತಿದ್ದೆ. ರಿಸರ್ವ್ ಮಡಚಿದ ಹಾಗೇ ಇತ್ತು. ಎಎಡಿ ಸರಿಯಾಗಿತ್ತು. ಮೂರು ಉಂಗುರವೂ ಸರಿಯಾಗಿತ್ತು. ಎಲ್ಲವೂ ಸರಿ ಇದ್ದು ಅವನು ಮರಳಿನಲ್ಲಿ ಬಿದ್ದಿದ್ದ. ಮತ್ತೆ ನಡೆಯಲು ಎಂಟು ತಿಂಗಳು ಹಿಡಿಯಿತು.

ಎರಡೂ ಟಾಗಲ್ ಅರ್ಧ ಹಿಡಿದು ಚಪ್ಪಟೆಯಾಗಿ ತಿರುಗಿಸುವ ವಿಧಾನ ಅವನಿಗೆ ಗೊತ್ತಿತ್ತು. ನನಗೆ ಹೇಳಿಕೊಟ್ಟದ್ದೇ ಅವನು. ಆದರೆ ಗಾಬರಿಯಲ್ಲಿ ಕೈ ತನಗೆ ಬಂದದ್ದನ್ನೇ ಮಾಡುತ್ತದೆ. ಅದಕ್ಕೇ ನನಗೆ 170 ಬೇಕು. ನನ್ನ ಒಳ್ಳೆಯ ದಿನಕ್ಕೆ 120 ಸಾಕು. ನಾನು ಪ್ಯಾರಾಚೂಟ್ ಆರಿಸುವುದು ನನ್ನ ಕೆಟ್ಟ ದಿನಕ್ಕೆ.

ಬಿಲ್ ಬೂತ್ ಅವರದ್ದೇ ಇನ್ನೊಂದು ಮಾತು ನಮ್ಮವರ ಬಾಯಲ್ಲಿ ಓಡಾಡುತ್ತದೆ. ಸಲಕರಣೆ ಸುರಕ್ಷಿತವಾದಷ್ಟೂ ಜಿಗಿಯುವವರು ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡು ಸಾವಿನ ಲೆಕ್ಕವನ್ನು ಸಮ ಮಾಡುತ್ತಾರೆ ಎಂದು ಅದರ ಅರ್ಥ. ಪೂರ್ತಿ ನಿಜ ಎಂದು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 2023ರಲ್ಲಿ 36 ಲಕ್ಷಕ್ಕೂ ಹೆಚ್ಚು ಜಿಗಿತಗಳಾದವು, ಸತ್ತವರು 10 ಮಂದಿ. 1970ರ ದಶಕಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ಸಲಕರಣೆ ಗೆದ್ದಿದೆ. ಆದರೆ ಉಳಿದ ಅಪಘಾತಗಳಲ್ಲಿ, ಚೆನ್ನಾಗಿ ತೆರೆದ ಪ್ಯಾರಾಚೂಟಿನ ಕೆಳಗೇ ನೆಲಕ್ಕೆ ಬಡಿದವರು ತುಂಬಾ ಮಂದಿ. ಅಲ್ಲಿ ಅವರ ಮಾತು ನಿಜ.

ರಿಸರ್ವ್ ವಿಷಯದಲ್ಲೂ ಅನುಭವಿಗಳು ಎಡವುವುದನ್ನು ನೋಡಿದ್ದೇನೆ. ಚೀಲ ಸಣ್ಣದಾಗಿ ಚೆಂದ ಕಾಣಲಿ ಎಂದು ರಿಸರ್ವ್ ಕೂಡ ಸಣ್ಣದು ತೆಗೆದುಕೊಳ್ಳುತ್ತಾರೆ. ಯೋಚಿಸಿ. ಗಾಳಿಯಲ್ಲಿ ಯಾರದ್ದೋ ಮೊಣಕಾಲು ತಲೆಗೆ ಬಡಿದು ಪ್ರಜ್ಞೆ ತಪ್ಪಿದೆ. ಎಎಡಿ ರಿಸರ್ವ್ ತೆರೆಯಿತು. ಈಗ ಇಳಿಸುವವರು ಯಾರು? ಟಾಗಲ್ ಹಿಡಿಯುವ ಕೈ ಇಲ್ಲ. ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ, ಯಾವ ವೇಗಕ್ಕೋ ಆ ವೇಗಕ್ಕೆ. ಆ ಹೊತ್ತಿಗೆ ತಲೆ ಮೇಲೆ ಬಟ್ಟೆ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು. ನನ್ನ ರಿಸರ್ವ್ ನನ್ನ ಮೇನ್‌ಗಿಂತ ದೊಡ್ಡದು.

ಹೆಲ್ಮೆಟ್ಟಿನ ಕ್ಯಾಮೆರಾ ಬಗ್ಗೆ ಒಂದೇ ಮಾತು. ದಾರ ಸಿಕ್ಕಿಕೊಳ್ಳಲು ಅದೊಂದು ಕೊಕ್ಕೆ. 200 ಜಿಗಿತ ಆಗುವವರೆಗೆ ಬೇಡ ಎಂದು ಅಮೆರಿಕದ ಜಿಗಿಯುವವರ ಸಂಘ ಯುಎಸ್‌ಪಿಎ ಸಲಹೆ ಕೊಡುತ್ತದೆ, ಅದು ಸರಿ.

ದೊಡ್ಡಮ್ಮನ ಭಯಕ್ಕೆ ಬೇರೆ ಬೇರು ಇದೆ, ಅದು ನನಗೆ ಗೊತ್ತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು. ನಮ್ಮ ಕರಾವಳಿಯಲ್ಲಿ ಆ ದಿನವನ್ನು ಮರೆತವರಿಲ್ಲ. ತನಿಖೆಯ ವರದಿ ಹೇಳಿದ್ದನ್ನು ನಾನು ಎಷ್ಟೋ ಸಲ ನೆನೆಯುತ್ತೇನೆ. ವಿಮಾನದ್ದು ದೋಷ ಇರಲಿಲ್ಲ. ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಿಸಿದ ಕ್ಯಾಪ್ಟನ್. ಇಳಿಯುವ ದಾರಿ ಸರಿಯಿಲ್ಲ, ಮೇಲೇರಿಸಿ ಎಂದು ಪಕ್ಕದ ಪೈಲಟ್ ಮೂರು ಸಲ ಹೇಳಿದರು. ಆದರೂ ಇಳಿಸುವುದನ್ನು ಕ್ಯಾಪ್ಟನ್ ನಿಲ್ಲಿಸಲಿಲ್ಲ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಇಳಿಯುವ ಲೆಕ್ಕ ತಪ್ಪಿದಾಗ ವಿಮಾನ ಮತ್ತೆ ಮೇಲೇರಬಹುದು. ಪ್ಯಾರಾಚೂಟಿಗೆ ಆ ಅವಕಾಶವೂ ಇಲ್ಲ. ಎಂಜಿನ್ ಇಲ್ಲ, ಒಂದೇ ಸಲ ಇಳಿಯುವುದು. ಹಾಗಾಗಿ ನಾನು ‘ಬೇಡ’ ಎನ್ನಬೇಕಾದ್ದು ಇನ್ನೂ ಮೊದಲೇ. ಗಾಳಿ ಜೋರಿದ್ದರೆ ವಿಮಾನ ಹತ್ತುವ ಮೊದಲು. ಸಣ್ಣ ಪ್ಯಾರಾಚೂಟ್ ಆದರೆ ದುಡ್ಡು ಕೊಡುವ ಮೊದಲು.

ಊರಿಗೆ ಬರುವಾಗ ಕೆಲವು ಸಲ ಸಲಕರಣೆಯನ್ನೂ ತರುತ್ತೇನೆ. ನಮ್ಮ ಮಳೆಗಾಲ ಅದಕ್ಕೆ ಒಳ್ಳೆಯದಲ್ಲ. ತೇವಕ್ಕೆ ಲೋಹ ಕಿಲುಬು ಹಿಡಿಯುತ್ತದೆ. ಬಿಸಿಲಿಗೆ ಹಾಕೋಣ ಎಂದರೆ ನೈಲಾನ್ ಬಿಸಿಲಿಗೆ ಸೊರಗುತ್ತದೆ. ಅಮ್ಮ ಕಪಾಟಿನಲ್ಲಿ ನುಸಿಗುಳಿಗೆ ಇಡಲು ಹೋದರು, ಬೇಡ ಎಂದೆ. ಯಾವ ರಾಸಾಯನಿಕವೂ ಬಟ್ಟೆಯ ಹತ್ತಿರ ಬರಬಾರದು. ಈಗ ಅದು ಒಳಕೋಣೆಯ ಅಟ್ಟದ ಕೆಳಗೆ, ನೆಲಕ್ಕೆ ತಾಗದ ಹಾಗೆ, ನೆರಳಿನಲ್ಲಿ ಕೂತಿದೆ.

ಮಣಿಪಾಲದಲ್ಲಿ ಓದುವ ಹುಡುಗನೊಬ್ಬ ಮೊನ್ನೆ ಮನೆಗೇ ಬಂದಿದ್ದ. ಮೈಸೂರಿನಲ್ಲಿ ತರಬೇತಿದಾರರ ಜೊತೆ ಒಮ್ಮೆ ಜಿಗಿದಿದ್ದಾನಂತೆ, ಈಗ ಪೂರ್ತಿ ಕಲಿಯುವ ಆಸೆ. “ಅಣ್ಣ, ಮೊದಲು ಯಾವ ಪ್ಯಾರಾಚೂಟ್ ತಗೊಳ್ಳಲಿ?” ಎಂದು ಕೇಳಿದ. ಯಾವುದೂ ಬೇಡ, ಬಾಡಿಗೆಯದ್ದರಲ್ಲಿ ಹಾರು ಎಂದೆ. ಮೊದಲು ತಲೆಗೆ ಸರಿಯಾದ ಹೆಲ್ಮೆಟ್, ಎತ್ತರ ತೋರಿಸುವ ಒಂದು ಆಲ್ಟಿಮೀಟರ್ ತಗೋ. ನಿನಗೆ ಕಲಿಸುವವರು ಯಾವ ಅಳತೆ ಹೇಳುತ್ತಾರೋ ಅದರಲ್ಲೇ ಇರು. ಬೇಗ ಚಿಕ್ಕದಕ್ಕೆ ಹೋಗು ಎನ್ನುವ ಗೆಳೆಯ ಸಿಕ್ಕೇ ಸಿಗುತ್ತಾನೆ, ಅವನಿಗೆ ನನ್ನ 214ನೇ ಜಿಗಿತದ ಕಥೆ ಹೇಳು ಎಂದೆ. ಅವನು ನನ್ನ ಚೀಲದ ಮೂರು ಉಂಗುರಗಳನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ, ಸಂಜೆಯವರೆಗೆ ಕೂತಿದ್ದ.

ಮುಂದಿನ ತಿಂಗಳು ವಾಪಸ್ ಹೋದ ಕೂಡಲೇ ನನ್ನ ರಿಸರ್ವ್ ಬಿಚ್ಚುವ ಸಮಯ. ಅದನ್ನು ರಿಗ್ಗರ್ ಕೈಗೆ ಹಾಗೇ ಕೊಡುವುದಿಲ್ಲ. ಚೀಲ ಬೆನ್ನಿಗೆ ಕಟ್ಟಿಕೊಂಡು ಅವರ ಎದುರು ನಿಲ್ಲುತ್ತೇನೆ. ಬಲಗಡೆಯದು ಮೊದಲು, ಆಮೇಲೆ ಎಡಗಡೆಯದು, ನಾನೇ ಎಳೆಯುತ್ತೇನೆ. ಎಷ್ಟು ಬಲ ಬೇಕು ಅನ್ನುವುದು ಕೈಗೆ ನೆನಪಿರಬೇಕು. ಈ ಸಲ ಅದರ ವಿಡಿಯೊ ಮಾಡಿ ಕಳಿಸು ಎಂದು ದೊಡ್ಡಮ್ಮ ಹೇಳಿದ್ದಾರೆ.