ಮೆದುಳಲ್ಲಿ ರಕ್ತಸ್ರಾವ ಆದವರಿಗೆ ಕೆಟಮಿನ್ ಕೊಡಬಹುದಾ?

ಕೆಟಮಿನ್ ಅಂದರೆ ನಿದ್ದೆ ಬರಿಸುವ, ನೋವು ತಗ್ಗಿಸುವ ಅರಿವಳಿಕೆ ಔಷಧ. "ಕೆಟಮಿನ್ ಕೊಟ್ಟರೆ ತಲೆಯೊಳಗಿನ ಒತ್ತಡ ಏರುತ್ತದೆ ಅಲ್ವಾ? ಮತ್ತೆ ಇವರಿಗೆ ಹೇಗೆ ಕೊಡ್ತೀರಿ?" ಐಸಿಯು ಹೊರಗೆ ಕಾಯುವ ಮನೆಯವರು ಇದನ್ನು ಕೇಳುತ್ತಾರೆ. ಅರಿವಳಿಕೆ ಕಲಿಯಲು ಬಂದ ಹೊಸ ಡಾಕ್ಟರುಗಳೂ ಕೇಳುತ್ತಾರೆ. ನನಗೂ ಹಾಗೇ ಕಲಿಸಿದ್ದರು.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. 1970ರ ದಶಕದ ಶುರುವಿನಲ್ಲಿ ಕೆಲವೇ ರೋಗಿಗಳಲ್ಲಿ ಅಳೆದಾಗ ಒತ್ತಡ ನಿಜಕ್ಕೂ ಏರಿತ್ತು. ಆದರೆ ಅವರಲ್ಲಿ ಹಲವರಿಗೆ ಮೆದುಳಿನ ನೀರು ಹರಿಯುವ ದಾರಿಯೇ ಕಟ್ಟಿಕೊಂಡಿತ್ತು. ವೆಂಟಿಲೇಟರ್ ಇಲ್ಲದೆ ತಾವೇ ಉಸಿರಾಡುತ್ತಿದ್ದವರೂ ಇದ್ದರು. ಉಸಿರು ಸಾಲದಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತದೆ, ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ, ಒತ್ತಡ ಏರುತ್ತದೆ. ತಪ್ಪೆಲ್ಲ ಔಷಧದ ತಲೆಗೆ ಬಂತು. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೆಂಟಿಲೇಟರ್ ಮೇಲಿದ್ದ 30 ಮಕ್ಕಳಿಗೆ ಕೆಟಮಿನ್ ಕೊಟ್ಟಾಗ ಒತ್ತಡ ಇಳಿದಿತ್ತು.

ನನ್ನನ್ನು ಹಿಡಿದಿಟ್ಟಿರುವುದು ಮಾತ್ರ ಬೇರೆ ಸಂಗತಿ. ರಕ್ತಸ್ರಾವ ಆದ ಮೆದುಳಿನ ಮೇಲ್ಪದರದಲ್ಲಿ ಒಂದು ಅಲೆ ಏಳುತ್ತದೆ. ನಿಮಿಷಕ್ಕೆ ಕೆಲವೇ ಮಿಲಿಮೀಟರ್ ವೇಗ. ಅದು ಹಾದುಹೋದ ಕಡೆ ನರಕೋಶಗಳು ಸ್ವಲ್ಪ ಹೊತ್ತು ಮೌನವಾಗುತ್ತವೆ. ಇದನ್ನು 1944ರಲ್ಲಿ ಮೊಲಗಳ ಮೆದುಳಿನಲ್ಲಿ ಗುರುತಿಸಿದವರು ಬ್ರೆಜಿಲ್‌ನ ಲಿಯಾವೊ. ಮೊದಲೇ ರಕ್ತ ಸಾಲದೆ ಒದ್ದಾಡುತ್ತಿರುವ ಜಾಗಕ್ಕೆ ಈ ಅಲೆ ಮತ್ತೆ ಮತ್ತೆ ಬಂದರೆ ಕೋಶಗಳು ಚೇತರಿಸಿಕೊಳ್ಳುವುದೇ ಇಲ್ಲ. ಅಲೆ ಹಬ್ಬಲು ಗ್ಲುಟಮೇಟ್ ಬೇಕು, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ಅದು ಕೂರುವ ಎನ್‌ಎಂಡಿಎ ಎಂಬ ಬಾಗಿಲನ್ನು ಕೆಟಮಿನ್ ಮುಚ್ಚುತ್ತದೆ.

2012ರಲ್ಲಿ 115 ರೋಗಿಗಳ ದಾಖಲೆ ನೋಡಿದಾಗ, ಕೆಟಮಿನ್ ಪಡೆಯುವಾಗ ಅಲೆಗಳು ಕಡಿಮೆ ಇದ್ದವು. 2018ರ ಸಣ್ಣ ಪ್ರಯೋಗದಲ್ಲಿ 10 ಜನರಿಗೆ ಔಷಧವನ್ನು ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ನೋಡಿದರು. ಡೋಸ್ ಹೆಚ್ಚಿದಂತೆ ಅಲೆಗಳು ತಗ್ಗಿದವು. ಓದಿದಾಗ ನನಗೆ ರೋಮಾಂಚನವಾಗಿತ್ತು.

ಆದರೆ ಅಲೆ ತಗ್ಗಿದರೆ ರೋಗಿ ಎದ್ದು ನಡೆಯುತ್ತಾರೆ ಅಂತ ಇನ್ನೂ ಸಾಬೀತಾಗಿಲ್ಲ. ಅದಕ್ಕೇ ಮನೆಯವರಿಗೆ ನಾನು ಹೇಳುವುದು ಇಷ್ಟು: ನಾವು ಕೆಟಮಿನ್ ಕೊಡುವುದು ನಿದ್ದೆಗೆ, ನೋವಿಗೆ. ಬೇರೆ ಕೆಲವು ನಿದ್ದೆಯ ಔಷಧಗಳಂತೆ ಇದು ಬಿಪಿಯನ್ನು ಕೆಳಗಿಳಿಸುವುದಿಲ್ಲ, ರಕ್ತನಾಳ ಬಿಗಿದುಕೊಂಡ ಮೆದುಳಿಗೆ ಅದು ದೊಡ್ಡ ಅನುಕೂಲ. ಒಡೆದ ರಕ್ತನಾಳವನ್ನು ಇನ್ನೂ ಮುಚ್ಚಿಲ್ಲದಿದ್ದರೆ ಅದೇ ಬಿಪಿ ಅಪಾಯ. ಆಗ ನಾನು ಮಾನಿಟರ್ ಬಿಟ್ಟು ಕದಲುವುದಿಲ್ಲ.