ಅತ್ತಿಗೆ ತಂದ ಹಳದಿ ಹೂವಿನ ಮಾತ್ರೆ

ಜೂನ್ ಕೊನೆಯ ವಾರ. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದು ಎಂಟು ದಿನವಾಗಿತ್ತು. ಎಲ್ಲರೂ ಚಳಿಗೆ ಬಚ್ಚಲೊಲೆ ಹತ್ತಿರ ಕೂತಿದ್ದರೆ ನಾನೊಬ್ಬಳೇ ಬೆವರುತ್ತಿದ್ದೆ. ಅಪ್ಪನಿಗೆ ಕಾಫಿ ಕೊಡಲು ಹೋದರೆ ಕೈ ನಡುಗಿ ಲೋಟ ಬಟ್ಟಲಿಗೆ ಕಟಕಟ ಬಡಿಯುತ್ತಿತ್ತು. ಬೆಳಗಿನಿಂದ ನಾಲ್ಕು ಸಲ ಬೇಧಿ. "ಹಲಸಿನ ಹಣ್ಣು ಜಾಸ್ತಿ ತಿಂದೆ, ಅದಕ್ಕೇ" ಅಂದಳು ಅಮ್ಮ. ನಾನೂ ಹಾಗೇ ಅಂದುಕೊಂಡೆ.

ಆಗ ಎರಡು ವರ್ಷದಿಂದ ನಾನು ಖಿನ್ನತೆಗೆ ಎಸಿಟಲೊಪ್ರಾಮ್ 10 ಮಿಲಿಗ್ರಾಂ ಮಾತ್ರೆ ತಗೊಳ್ಳುತ್ತಿದ್ದೆ. ಇವರನ್ನು ಬಿಟ್ಟು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಲೆ ಸರಿಯಿಲ್ಲ ಅಂದುಬಿಟ್ಟರೆ ಅನ್ನೋ ಹೆದರಿಕೆ. ಜರ್ಮನಿಯಿಂದ ರಜೆಗೆ ಬಂದ ಅತ್ತಿಗೆ ನನ್ನ ಮುಖ ನೋಡಿ, "ಯಾಕೆ ಮಾರಾಯ್ತಿ ಇಷ್ಟು ಸಪ್ಪಗಿದ್ದೀಯ? ಇದನ್ನ ತಗೋ, ಬರೀ ಗಿಡಮೂಲಿಕೆ" ಎಂದು ಒಂದು ಡಬ್ಬಿ ಕೊಟ್ಟಿದ್ದರು. ಮೇಲೆ ಐದೆಸಳಿನ ಹಳದಿ ಹೂವು. ಸೇಂಟ್ ಜಾನ್ಸ್ ವರ್ಟ್. ಜೂನ್ 24ರ ಸಂತ ಜಾನ್ ಹಬ್ಬದ ಹೊತ್ತಿಗೆ ಅರಳುತ್ತೆ ಅಂತ ಆ ಹೆಸರಂತೆ. ಸೊಪ್ಪು-ಬೇರಿನ ಮದ್ದು ಕುಡಿದೇ ಬೆಳೆದವಳು ನಾನು. ಗಿಡದ್ದು ಅಂದ ಮೇಲೆ ಅನುಮಾನ ಎಲ್ಲಿಂದ ಬರಬೇಕು? ನನ್ನ ಮಾತ್ರೆಯ ಜೊತೆ ಅದನ್ನೂ ನುಂಗತೊಡಗಿದೆ.

ಸಂಜೆಗೆ ಎದೆ ಡವಡವ, ಕೂತಲ್ಲಿ ಕೂರಲಾಗದ ತಳಮಳ. ಇವರು ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಡಾಕ್ಟರ್ ಕಣ್ಣಿಗೆ ಟಾರ್ಚ್ ಬಿಟ್ಟರು, ಮಂಡಿಗೆ ಸಣ್ಣ ಸುತ್ತಿಗೆ ತಾಗಿಸಿದರು. ಕಾಲು ಚಿಮ್ಮಿತು. ಪಾದವನ್ನು ಮೇಲಕ್ಕೆ ಒತ್ತಿ ಹಿಡಿದರೆ ಅದು ತಾನಾಗೇ ಪಟಪಟ ಅದುರಿತು. ನನ್ನದೇ ಪಾದ, ನನ್ನ ಮಾತು ಕೇಳುತ್ತಿರಲಿಲ್ಲ.

"ಏನೇನು ಮಾತ್ರೆ ತಗೊಳ್ತೀರಮ್ಮ?"

ಎಸಿಟಲೊಪ್ರಾಮ್ ಅಂದೆ. ಇನ್ನೊಂದು ಬಾಯಿಗೇ ಬರಲಿಲ್ಲ, ಅದು ನನ್ನ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಅವರು ಬಿಡಲಿಲ್ಲ. "ಕಷಾಯ, ಲೇಹ್ಯ, ಯಾರಾದ್ರೂ ಕೊಟ್ಟ ಪುಡಿ?" ಆಗ ಡಬ್ಬಿಯ ಮಾತು ಬಂತು.

ಡಾಕ್ಟರ್ ಬಿಡಿಸಿ ಹೇಳಿದರು. ನನ್ನ ಮಾತ್ರೆ ಮಿದುಳಿನಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಉಳಿಯುವಂತೆ ಮಾಡುತ್ತದೆ. ಆ ಗಿಡದ ಸಾರವೂ ಅದೇ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಸೆರೊಟೋನಿನ್ ವಿಪರೀತವಾಗಿ ಬೆವರು, ನಡುಕ, ಬೇಧಿ. ಜೋರಾದರೆ ಜ್ವರ ಏರಿ ಜೀವಕ್ಕೇ ಕುತ್ತು. ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಇವುಗಳ ಬಲವನ್ನೂ ಆ ಗಿಡ ತಗ್ಗಿಸುತ್ತದಂತೆ. "ಊಟದ ಒಂದೆಲಗದ ತಂಬುಳಿ ಬೇರೆ, ಸಾರ ಇಳಿಸಿದ ಮಾತ್ರೆ ಬೇರೆ ಅಮ್ಮ" ಅಂದರು. ಎರಡನ್ನೂ ನಿಲ್ಲಿಸಿ, ಡ್ರಿಪ್ ಹಾಕಿ ರಾತ್ರಿ ಅಲ್ಲೇ ಇಟ್ಟುಕೊಂಡರು. ಮರುದಿನ ನಡುಕ ಇಳಿಯಿತು. ಎಸಿಟಲೊಪ್ರಾಮ್ ಮತ್ತೆ ಯಾವಾಗ ಶುರು ಮಾಡಬೇಕೆಂದು ಅವರೇ ಹೇಳುವವರೆಗೆ ಕಾಯ್ದೆ.

ಮನೆಗೆ ಬಂದ ಮೇಲೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ, ಪಕ್ಕದಲ್ಲಿ ಬಂದು ಕೂತಳು. ಅತ್ತಿಗೆ ಡಬ್ಬಿಯೊಳಗಿದ್ದ ಜರ್ಮನ್ ಚೀಟಿ ಬಿಡಿಸಿ ಓದಿದರು. ಖಿನ್ನತೆಯ ಬೇರೆ ಮಾತ್ರೆಯ ಜೊತೆ ತಗೋಬಾರದು ಅಂತ ಅದರಲ್ಲೇ ಬರೆದಿತ್ತು. ಅವರ ಕಣ್ಣು ತುಂಬಿತು.

"ನಂಗೊಂದು ಮಾತು ಹೇಳಿದ್ರೆ ಕೊಡ್ತಾನೇ ಇರ್ಲಿಲ್ಲ, ಅಲ್ವೇನೇ?"