ವಾಲಿವಾದೆ

ಪಕ್ಕದ ಮನೆಯ ಪೋಲಿಷ್ ಅಜ್ಜಿ ಕಾಲು ಉಳುಕಿಸಿಕೊಳ್ಳದಿದ್ದರೆ ನಾನು ಆ ಕಟ್ಟಡದೊಳಗೆ ಹೋಗುತ್ತಲೇ ಇರಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ಕಿಂಗ್ ಸ್ಟ್ರೀಟಿನಲ್ಲಿ ಎಂಟು ವರ್ಷದಿಂದ ಓಡಾಡುತ್ತಿದ್ದರೂ ಆ ಕಾಂಕ್ರೀಟ್ ಕಟ್ಟಡ ಯಾವುದೋ ಸರ್ಕಾರಿ ಕಚೇರಿ ಅಂದುಕೊಂಡಿದ್ದೆ. ಪೋಲಿಷರ ಸಾಂಸ್ಕೃತಿಕ ಕೇಂದ್ರವಂತೆ, 'ಪೊಸ್ಕ್' ಅನ್ನುತ್ತಾರೆ. ಅಲ್ಲಿನ ಲೈಬ್ರರಿಗೆ ಎರಡು ಪುಸ್ತಕ ವಾಪಸ್ ಕೊಡಬೇಕೆಂದು ಅಜ್ಜಿ ಮೂರು ಸಲ ಹೇಳಿದರು. ನನ್ನ ಸುತ್ತಿಗೆ ಒಯ್ದು ಮೂರು ತಿಂಗಳಾಯಿತು, ಅದರ ಸುದ್ದಿಯಿಲ್ಲ.

ಕೌಂಟರಿನಲ್ಲಿದ್ದವರಿಗೆ ಎಪ್ಪತ್ತರ ಆಸುಪಾಸು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಆಮೇಲೆ ಪುಸ್ತಕದ ಹಾಳೆಗಳನ್ನು ನೋಡಿದರು. ಲೈಬ್ರರಿಯವರ ಅನುಮಾನಕ್ಕೆ ದೇಶಭಾಷೆಗಳಿಲ್ಲ.

"ಇಂಡಿಯಾದಲ್ಲಿ ಎಲ್ಲಿ?"

ನಿಪ್ಪಾಣಿ ಅಂದರೆ ಯಾರಿಗೆ ತಿಳಿಯಬೇಕು? ಕೊಲ್ಲಾಪುರದ ಹತ್ತಿರ ಅಂದೆ. ಅವರ ಕೈ ನಿಂತಿತು.

"ವಾಲಿವಾದೆ?"

ಪೋಲಿಷ್ ಪದವಿರಬೇಕೆಂದು ತಲೆಯಾಡಿಸಿದೆ. "ವಾಲಿವಾದೆ! ನಮ್ಮಮ್ಮ ಬೆಳೆದದ್ದು ಅಲ್ಲೇ."

ವಳಿವಡೆ! ಮಿರಜ್ ರೈಲಿನಲ್ಲಿ ಕೊಲ್ಲಾಪುರಕ್ಕೆ ಮೊದಲು ಸಿಗುವ ಸಣ್ಣ ಸ್ಟೇಶನ್. ಅವರು ಒಳಗಿಂದ ದಪ್ಪನೆಯ ಪುಸ್ತಕವೊಂದನ್ನು ತಂದು ಬಿಚ್ಚಿದರು. ಉದ್ದುದ್ದ ಬ್ಯಾರಕ್ಕುಗಳು, ಎರಡು ಜಡೆಯ ಬಿಳಿ ಹುಡುಗಿಯರು. 1940ರಲ್ಲಿ ಸೋವಿಯತ್ ಗುಪ್ತ ಪೊಲೀಸರು ಮನೆಯಿಂದೆಬ್ಬಿಸಿ ಸೈಬೀರಿಯಾಕ್ಕೆ ಅಟ್ಟಿದ ಪೋಲಿಷರು. ಬಿಡುಗಡೆಯಾಗಿ ಇರಾನ್ ದಾಟಿ, 1943ರಿಂದ 1948ರವರೆಗೆ ಸುಮಾರು 5,000 ಮಂದಿ ಅಲ್ಲಿದ್ದರಂತೆ. ಶಾಲೆ, ಚರ್ಚು, ಆಸ್ಪತ್ರೆ ಎಲ್ಲ ಇತ್ತು. ಲಂಡನ್ನಿನಲ್ಲಿ ಹುಟ್ಟಿದ ಇವರನ್ನು ತಾಯಿ ಗದರಿಸುತ್ತಿದ್ದುದು "ಜಲ್ದಿ, ಜಲ್ದಿ" ಎಂದು!

ಬಸ್ಸಿನಲ್ಲಿ ಕೂತು ಅದೇ ದನಿಯನ್ನು ಮತ್ತೆ ಮತ್ತೆ ಕೇಳಿಸಿಕೊಂಡೆ. ವಾಲಿವಾದೆ? ಎಪ್ಪತ್ತು ವರ್ಷ ಈ ಊರಲ್ಲೇ ಕಳೆದ ಹೆಂಗಸಿನ ಬಾಯಲ್ಲಿ ನಮ್ಮ ಕಡೆಯ ಹಳ್ಳಿ, ಬರೇ 40 ಕಿಲೋಮೀಟರಿನಾಚೆ ಬೆಳೆದ ನನಗೆ ಅದು ಪೋಲಿಷ್! ನಿಪ್ಪಾಣಿ ಯಾರದು ಎಂಬ ಜಗಳ ಕೇಳುತ್ತಲೇ ಬೆಳೆದವಳು ನಾನು. ಬೋರ್ಡಿಗೆ ಮಸಿ ಬಳಿದದ್ದು, ಬಸ್ಸು ನಿಂತದ್ದು ಎಲ್ಲ ನೆನಪಿದೆ. ಪಕ್ಕದಲ್ಲಿ ಯಾರು ಬಂದಿದ್ದು ಹೋದರೆಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಮೇಷ್ಟ್ರನ್ನೇಕೆ ದೂರಲಿ, ನಾನೂ ಕೇಳಲಿಲ್ಲ. ಇವರ ಲೈಬ್ರರಿ ಶುರುವಾದದ್ದು 1942ರಲ್ಲಿ. ದೇಶವನ್ನು ಜರ್ಮನಿಯವರು ಆಕ್ರಮಿಸಿಕೊಂಡು, ಸರ್ಕಾರವೇ ಲಂಡನ್ನಿಗೆ ಗುಳೆ ಬಂದಿದ್ದಾಗ ಇವರು ಪುಸ್ತಕ ಜೋಡಿಸುತ್ತಿದ್ದರು. ನನ್ನ ಕನ್ನಡ ಪುಸ್ತಕಗಳು ಮಂಚದ ಕೆಳಗೆ ಸೂಟ್‌ಕೇಸಿನಲ್ಲಿವೆ.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಪೋಲಿಷರು ಹೋದಮೇಲೆ ಆ ಜಾಗಕ್ಕೆ ಸಿಂಧಿ ನಿರಾಶ್ರಿತರು ಬಂದರು, ಅದೇ ಈಗಿನ ಗಾಂಧಿನಗರ. ನಮ್ಮ ಮನೆಯ ಮದುವೆಗಳಿಗೆಲ್ಲ ಜವಳಿ ಅಲ್ಲಿಂದಲೇ.

"ನಿಮ್ಮಜ್ಜ ಗಾಂಧಿನಗರ ಅಂತಿದ್ದಿಲ್ಲ, 'ಕ್ಯಾಂಪಿಗೆ ಹೋಗಿ ಬರ್ತೀನಿ' ಅಂತಿದ್ರು," ಅಂದಳು ಅವ್ವ. "ಯಾವ ಕ್ಯಾಂಪು ಅಂತ ಯಾರು ಕೇಳ್ತಾರ? ಸೀರಿ ಬಂದ್ರ ಸಾಕಾಗಿತ್ತು."

ಈಗ ಆ ಜಾಗ ಹೇಗಿದೆ, ಫೋಟೋ ಇದ್ದರೆ ತಾ ಅಂದಿದ್ದಾರೆ ಲೈಬ್ರರಿಯವರು. ಹುಡುಕಿದರೆ ಮೊಬೈಲಿನಲ್ಲಿ ಒಂದೇ ಒಂದು ಸಿಕ್ಕಿತು: ಅಕ್ಕ ತನ್ನ ಮದುವೆಯ ಜವಳಿ ಗಂಟಿನ ಮೇಲೆ ಕೂತು ಕಬ್ಬಿನಹಾಲು ಕುಡಿಯುತ್ತಿದ್ದಾಳೆ. ಅದನ್ನೇ ಪ್ರಿಂಟ್ ಹಾಕಿಸಿದ್ದೇನೆ.